ಗಾಳಿ ಅದೇ, ಮಳೆ ಮಾತ್ರ ಬೇರೆ

ಪತ್ರ: ನನ್ನ ಊರು ಆಗುಂಬೆ ಹತ್ತಿರ. ನಾಲ್ಕು ವರ್ಷದಿಂದ ಚಳ್ಳಕೆರೆ ತಾಲ್ಲೂಕಿನಲ್ಲಿ ಮೇಷ್ಟ್ರು. ಕಳೆದ ಸಂಚಿಕೆಯಲ್ಲಿ ‘ಕಾಡು ಕಡಿದಿದ್ದರಿಂದ ಚಳ್ಳಕೆರೆ ಬಯಲಾಯಿತು, ಗಿಡ ನೆಟ್ಟರೆ ಇಲ್ಲೂ ಮಲೆನಾಡಿನ ಮಳೆ ಬರುತ್ತದೆ’ ಎಂದು ಬರೆದಿದ್ದೀರಿ. ಮಕ್ಕಳು ಪತ್ರಿಕೆ ಹಿಡಿದುಕೊಂಡು ಬಂದು ‘ಹೌದಾ ಸಾರ್?’ ಅಂತ ಕೇಳಿದರು. ಎರಡೂ ಊರು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ? ಇನ್ನೊಂದು ಮಾತು: ಇಲ್ಲಿ ಎರಡು ಎಕರೆ ತಗೊಂಡಿದ್ದೇನೆ. ಅಡಿಕೆ ಹಾಕಲಾ?

ಉತ್ತರ: ಮೇಷ್ಟ್ರೇ, ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲು ನನ್ನ ಕಣ್ಣೆದುರೇ ಅಚ್ಚಿಗೆ ಹೋಯಿತು. ಓದುವಾಗ ಚೆನ್ನಾಗಿದೆ ಅನ್ನಿಸಿತು, ಬಿಟ್ಟೆ. ನಿಮ್ಮ ಮಕ್ಕಳಿಗೆ ಬಂದ ಅನುಮಾನ ನನಗೆ ಬರಲಿಲ್ಲ.

ಎತ್ತರದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಚಳ್ಳಕೆರೆ 600 ಮೀಟರ್ ಹತ್ತಿರ. ನಕಾಶೆಯಲ್ಲಿ ಗೆರೆ ಎಳೆದರೆ ನಡುವೆ ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ನೀವಿರುವ ಕಡೆ 500 ಬಂದರೆ ಊರಿಗೆ ಊರೇ ಖುಷಿ. ಜುಲೈಯಲ್ಲಿ ಮಳೆ ಜೋರಾಗಿ ಹಿಡಿಯಿತು ಅಂದರೆ ಚಳ್ಳಕೆರೆಯ ಇಡೀ ವರ್ಷದ ಪಾಲನ್ನು ಆಗುಂಬೆ ಎರಡು ಮೂರು ದಿನದಲ್ಲಿ ಸುರಿಸಿ ಮುಗಿಸುತ್ತದೆ.

ಇಲ್ಲಿ ನೋಡಬೇಕಾದ್ದು ಊರಿನ ಎತ್ತರವನ್ನಲ್ಲ, ಊರಿನ ಪಡುವಣಕ್ಕೆ ಏನಿದೆ ಅನ್ನುವುದನ್ನು. ಆಗುಂಬೆ ಘಟ್ಟದ ಅಂಚಿನಲ್ಲೇ ಕೂತಿದೆ. ಸೋಮೇಶ್ವರದಿಂದ ಹದಿನಾಲ್ಕು ತಿರುವು ಹತ್ತಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬೀ ಸಮುದ್ರದಿಂದ ನೀರು ತುಂಬಿಕೊಂಡು ಬಂದ ಗಾಳಿ ಕರಾವಳಿ ದಾಟಿ ಒಮ್ಮೆಗೇ ಆ ಗೋಡೆಗೆ ಬಡಿಯುತ್ತದೆ. ಮುಂದೆ ಹೋಗಬೇಕಾದರೆ ಮೇಲೇರಲೇಬೇಕು. ಏರಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಅಷ್ಟು ನೀರು ಹೊರಲು ಆಗುವುದಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಎಲ್ಲ ಅಲ್ಲೇ ಇಳಿದುಹೋಗುತ್ತದೆ. ಅಲ್ಲಿಂದ ಮೂಡಲಿಗೆ ಅಂಥ ಗೋಡೆ ಇನ್ನೊಂದಿಲ್ಲ, ಹಾಗಾಗಿ ಗಾಳಿಗೆ ಏರುವ ಕೆಲಸವೂ ಇಲ್ಲ. ತೀರ್ಥಹಳ್ಳಿಗೆ ಬರುವಷ್ಟರಲ್ಲೇ ಮಳೆ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಶಿವಮೊಗ್ಗದಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು. ಚಿತ್ರದುರ್ಗ ದಾಟುವ ಹೊತ್ತಿಗೆ ಮೋಡ ತಲೆ ಮೇಲೆ ಓಡುತ್ತಿರುತ್ತದೆ, ನಿಲ್ಲುವುದಿಲ್ಲ.

ಮೋಡ ಖಾಲಿಯಾದರೂ ಗಾಳಿ ನಿಂತಿಲ್ಲ ನೋಡಿ. ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿ ವಿದ್ಯುತ್ ಗಾಳಿಯಂತ್ರಗಳು ತಿರುಗುತ್ತವಲ್ಲ, ಮುಂಗಾರಿನಲ್ಲಿ ಅವನ್ನು ಜೋರಾಗಿ ತಿರುಗಿಸುವುದು ಇದೇ ಗಾಳಿ. ಆಗುಂಬೆಯಲ್ಲಿ ಕೊಡೆ ಇಲ್ಲದೆ ಹೊರಗೆ ಕಾಲಿಡಲಾಗದ ದಿನ, ನಿಮ್ಮ ಶಾಲೆಯ ಬಯಲಲ್ಲಿ ಕೆಂಪು ಧೂಳು ಏಳುತ್ತಿರುತ್ತದೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇನ್ನು ಕಾಡಿನ ಮಾತು. ಆಗುಂಬೆಯಲ್ಲಿ ಕಾಡು ಇರುವುದರಿಂದ ಮಳೆ ಬರುತ್ತದೆ ಅನ್ನುವುದಕ್ಕಿಂತ, ಅಷ್ಟು ಮಳೆ ಬರುವುದರಿಂದ ಅಂಥ ಕಾಡು ಬೆಳೆದಿದೆ ಅನ್ನುವುದು ಸರಿ. ಕಾಡು ಬೇಡ ಅಂತ ಇದರ ಅರ್ಥ ಅಲ್ಲ, ಮತ್ತೆ! ಮರ ಇದ್ದರೆ ಮಣ್ಣು ನಿಲ್ಲುತ್ತದೆ, ಬಿದ್ದ ನೀರು ಇಂಗುತ್ತದೆ, ಹಳ್ಳ ಬೇಸಿಗೆಗೂ ಹರಿಯುತ್ತದೆ. ಆದರೆ ಚಳ್ಳಕೆರೆಯಲ್ಲಿ ಎಷ್ಟೇ ಗಿಡ ನೆಟ್ಟರೂ ಘಟ್ಟ ಎದ್ದು ಅಲ್ಲಿಗೆ ಬರುವುದಿಲ್ಲ. ಹುಲ್ಲುಗಾವಲನ್ನು ಕಾಡು ಹಾಳಾಗಿ ಉಳಿದದ್ದು ಅಂದುಕೊಳ್ಳುವ ಅಭ್ಯಾಸ ನಮಗೆ, ಅಂದರೆ ಮಲೆನಾಡಿನವರಿಗೆ, ಜಾಸ್ತಿ. ನಿಮ್ಮ ಕಡೆಯ ಅಮೃತ ಮಹಲ್ ಕಾವಲುಗಳನ್ನೇ, ಅಂದರೆ ಆ ತಳಿಯ ದನಕ್ಕೆಂದು ಕಾದಿಟ್ಟ ಹುಲ್ಲುಗಾವಲುಗಳನ್ನೇ, ನೋಡಿ. ಮೈಸೂರು ದೊರೆಗಳ ಕಾಲದಿಂದ ದಂಡಿನ ಗಾಡಿ ಎಳೆಯುವ ಎತ್ತುಗಳು ಮೇದು ಬೆಳೆದದ್ದು ಇಂಥ ಹುಲ್ಲಿನಲ್ಲಿ. ಕಡಿಮೆ ಮಳೆಗೆ ಒಗ್ಗಿದ ಹುಲ್ಲು, ಆ ಹುಲ್ಲಿಗೆ ಒಗ್ಗಿದ ದನ, ಕುರಿ. ಅಲ್ಲಿ ಗುಂಡಿ ತೋಡಿ ನೀಲಗಿರಿ ನೆಟ್ಟು ‘ಹಸಿರು ಮಾಡಿದೆವು’ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಕುರಿ ಅಂದಾಗ ನೆನಪಾಯಿತು. ನಮ್ಮ ಅಜ್ಜನ ಹತ್ತಿರ ಒಂದು ಕರಿ ಕಂಬಳಿ ಇತ್ತು. ಪುಷ್ಯ ಮಳೆಯಲ್ಲಿ ಅದನ್ನೇ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ಸಂಜೆ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಎಸೆದರೆ ಮನೆಯೆಲ್ಲ ಹಸಿ ಉಣ್ಣೆ ಮತ್ತು ಹೊಗೆಯ ವಾಸನೆ. ಮಾರಾಟಕ್ಕೆ ತರುತ್ತಿದ್ದವರು ಚಳ್ಳಕೆರೆ ಕಡೆಯವರು. ಜಡಿಮಳೆ ಕಂಡರಿಯದ ಕುರಿಯ ಉಣ್ಣೆ ಅಜ್ಜನನ್ನು ಮಲೆನಾಡಿನ ಮಳೆಯಿಂದ ಕಾಯುತ್ತಿತ್ತು!

ಮಳೆಯ ಲೆಕ್ಕದಲ್ಲಿ ಇನ್ನೊಂದು ವ್ಯತ್ಯಾಸ ಇದೆ. ಊರಲ್ಲಿ ನಿಮಗೆ ಆರಿದ್ರಾ, ಪುನರ್ವಸು, ಪುಷ್ಯ ಅಂದರೆ ಮಳೆ. ಈಗ ನೀವಿರುವ ಕಡೆ ರೈತರು ಕಾಯುವುದು ಉತ್ತರೆ, ಹಸ್ತ, ಚಿತ್ತೆಗೆ. ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಅದು ಘಟ್ಟ ಹತ್ತಿ ಬರುವ ಮಳೆಯಲ್ಲ. ಹಗಲೆಲ್ಲ ನೆಲ ಕಾದು, ಸಂಜೆಗೆ ಮೋಡ ಕಟ್ಟಿ, ಗುಡುಗಿ ಸುರಿಯುವ ಮಳೆ. ಒಂದು ಹೊಲ ತೊಯ್ದರೆ ಪಕ್ಕದ ಹೊಲ ಒಣಗೇ ಇರುತ್ತದೆ. ‘ಕುರುಡು ಚಿತ್ತೆ’ ಅಂತ ಹಳಬರು ಸುಮ್ನೆ ಹೆಸರಿಟ್ಟಿಲ್ಲ.

ಇನ್ನು ಅಡಿಕೆ. ನೀವು ಕೇಳಿದ್ದೀರಿ ಅಂತ ಹೇಳುತ್ತೇನೆ: ನಾನಾದರೆ ಹಾಕುವುದಿಲ್ಲ. ಅಲ್ಲಿ ಮಳೆಗೆ ಕಾಯಿ ಕೊಳೆಸುವ ಕೊಳೆರೋಗದ ಕಾಟ ಕಡಿಮೆ, ಅದಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವವರನ್ನು ಹುಡುಕಬೇಕಾಗಿಲ್ಲ, ನಿಜ. ಆದರೆ ಮೇಲಿಂದ ಬಾರದ ನೀರನ್ನು ಬೋರ್‌ವೆಲ್‌ನಿಂದ ಎತ್ತಬೇಕು, ಅದೂ ವರ್ಷ ಪೂರ್ತಿ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು ಗೊತ್ತಲ್ಲ? ಕಟ್ಟಿ ಮುಗಿದದ್ದು 1907ರಲ್ಲಿ. ಬಾಬಾಬುಡನ್‌ಗಿರಿ ಕಡೆಯಿಂದ ಬರುವ ವೇದಾವತಿಯ ನೀರಿದ್ದೂ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಭದ್ರೆಯ ನೀರನ್ನೂ ಎತ್ತಿ ಬಿಡುತ್ತಿದ್ದರು. ಕಾಲುವೆ ಹತ್ತಿರ ಇರುವವರ ಲೆಕ್ಕ ಬೇರೆ, ನಿಮ್ಮದು ಮಳೆ ನಂಬಿದ ಹೊಲ ಅಲ್ವಾ? ಊರವರು ಶೇಂಗಾ ಹಾಕುತ್ತಾರೆ, ಜೊತೆಗೆ ಸಾಲು ಬಿಟ್ಟು ತೊಗರಿ. ಚಳ್ಳಕೆರೆಯಲ್ಲಿ ಅಷ್ಟು ಎಣ್ಣೆ ಗಿರಣಿ ಎದ್ದದ್ದು ಈ ಶೇಂಗಾದಿಂದಲೇ. ಇದೇ ಶೇಂಗಾವನ್ನು ಆಗುಂಬೆಯಲ್ಲಿ ಮುಂಗಾರಿಗೆ ಬಿತ್ತಿ ನೋಡಿ, ಕಾಯಿ ನೆಲದಲ್ಲೇ ಕೊಳೆಯುತ್ತದೆ.

ಕಳೆದ ಸಂಚಿಕೆಯ ಆ ಸಾಲಿಗೆ ಮುಂದಿನ ತಿಂಗಳು ತಿದ್ದುಪಡಿ ಹಾಕುತ್ತೇವೆ. ಅಷ್ಟರೊಳಗೆ ನಿಮ್ಮ ಮಕ್ಕಳ ಕೈಯಲ್ಲಿ ಒಂದು ಕೆಲಸ ಮಾಡಿಸಿ. ಬಾಯಿ, ತಳ ಒಂದೇ ಅಗಲ ಇರುವ ನೆಟ್ಟನೆ ಡಬ್ಬಿಯೊಂದನ್ನು ಶಾಲೆಯ ಅಂಗಳದಲ್ಲಿ, ಮರದ ಮರೆ ಇಲ್ಲದ ಕಡೆ ಇಡಿ. ಮಳೆ ಬಂದ ಮರುದಿನ ಬೆಳಿಗ್ಗೆ ಸ್ಕೇಲಿನಿಂದ ಅಳೆದು ಬರೆದುಕೊಳ್ಳಲಿ. ಊರಲ್ಲಿ ನಿಮ್ಮ ಮನೆಯವರಿಗೂ ಇದನ್ನೇ ಹೇಳಿ. ಆದರೆ ಅವರು ಬಕೆಟ್ಟೇ ಇಡಲಿ, ಅದೂ ಬದಿ ನೆಟ್ಟಗಿರುವುದನ್ನು. ಚಿತ್ತೆ ಮಳೆ ಮುಗಿದ ಮೇಲೆ ಎರಡೂ ಪಟ್ಟಿ ಕಳಿಸಿ, ಅಕ್ಕಪಕ್ಕದಲ್ಲಿ ಅಚ್ಚು ಹಾಕೋಣ.