ಮಾತ್ರೆ ಹೆಚ್ಚಿಸುವ ಮೊದಲು ಬಾಯಿ ನೋಡಿ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಬೌದ್ಧಿಕ ಅಸಾಮರ್ಥ್ಯವಿದೆ, ಮಾತು ಬಹಳ ಕಡಿಮೆ. ಸಿಟ್ಟು, ಗಲಾಟೆಗೆಂದು ಎರಡು ವರ್ಷದಿಂದ ರಿಸ್ಪೆರಿಡೋನ್ ಮಾತ್ರೆ ಕೊಡುತ್ತಿದ್ದೇವೆ. ಈಚೆಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ, ರಾತ್ರಿ ನಿದ್ದೆಯಿಲ್ಲ, ತಟ್ಟೆ ತಳ್ಳುತ್ತಾನೆ. ಮಾತ್ರೆ ಹೆಚ್ಚಿಸಿಕೊಳ್ಳಬೇಕೇ?
– ಓದುಗರು, ಹಾಸನ

ಉತ್ತರ (ಮನೋವೈದ್ಯಕೀಯ ಶುಶ್ರೂಷಾ ತಜ್ಞರಿಂದ): ಈಗಲೇ ಬೇಡ. ನೀವಾಗಿ ನಿಲ್ಲಿಸುವುದೂ ಬೇಡ. ಹೊಡೆದುಕೊಳ್ಳುವುದು ಒಂದೇ ಕೆನ್ನೆಗಾದರೆ ಆ ಬದಿಯ ಹಲ್ಲು, ಕಿವಿ ಎರಡನ್ನೂ ಈ ವಾರವೇ ತೋರಿಸಿ. ಗಟ್ಟಿ ರೊಟ್ಟಿ ಬಿಟ್ಟು ಮೆತ್ತನೆಯ ಅನ್ನವನ್ನಷ್ಟೇ ತಿನ್ನುತ್ತಾನೆಯೇ? ತಣ್ಣೀರು ಕುಡಿದಾಗ ಮುಖ ಕಿವುಚುತ್ತಾನೆಯೇ? ನೋವನ್ನು ಹೇಳಲು ಬಾರದವರು ಹೀಗೆಯೇ ಹೇಳುವುದು. ಅದನ್ನು 'ಬುದ್ಧಿಮಾಂದ್ಯರ ಸ್ವಭಾವ' ಎಂದು ತಳ್ಳಿಹಾಕುವ ಅಭ್ಯಾಸ ಆಸ್ಪತ್ರೆಗಳಲ್ಲೂ ಇದೆ. ಇದರಿಂದ ರೋಗಿ ಅನುಭವಿಸುವ ಸಂಕಟ ದೊಡ್ಡದು.

ಮಲಬದ್ಧತೆಯನ್ನೂ ವಿಚಾರಿಸಿ. ರಿಸ್ಪೆರಿಡೋನ್ ಜೊತೆ, ಅದರಿಂದಾಗುವ ಮೈ ಬಿಗಿತ, ನಡುಕ ತಗ್ಗಿಸಲೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನೂ ಕೊಡುತ್ತಿದ್ದರೆ ಮಲ ಕಟ್ಟುವುದು, ಮೂತ್ರಕ್ಕೆ ತೊಂದರೆಯಾಗುವುದು ಎರಡೂ ಸಾಧ್ಯ. ಇನ್ನೊಂದು ಮುಖ್ಯ ಸಂಗತಿ: ಕುಳಿತಲ್ಲಿ ಕೂರಲಾಗದೆ ಶತಪಥ ಹಾಕುತ್ತಿದ್ದರೆ ಅದು ಮಾತ್ರೆಯ ಅಡ್ಡಪರಿಣಾಮವೇ ಇರಬಹುದು. ಪ್ರಮಾಣ ಹೆಚ್ಚಿಸಿದರೆ ಆ ಚಡಪಡಿಕೆಯೂ ಹೆಚ್ಚಬಹುದು. ಮೈ ಸೆಟೆದು, ಜೋರು ಜ್ವರ ಬಂದು, ಪ್ರಜ್ಞೆ ಮಂಕಾದರೆ ಮಾತ್ರ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ: ಎಷ್ಟು ಹೊತ್ತಿಗೆ ಹೊಡೆದುಕೊಂಡ, ಅದಕ್ಕೆ ಮೊದಲು ಏನು ನಡೆದಿತ್ತು, ಏನು ತಿಂದ, ಎಷ್ಟು ಮಲಗಿದ, ಮಲವಿಸರ್ಜನೆ ಆಯಿತೇ. 'ಬಹಳ ಗಲಾಟೆ ಮಾಡುತ್ತಾನೆ' ಎಂಬ ದೂರಿಗಿಂತ 'ಊಟವಾದ ಕೂಡಲೇ ಬಲಗೆನ್ನೆಗೆ ಹೊಡೆದುಕೊಳ್ಳುತ್ತಾನೆ' ಎಂಬ ಒಂದು ಸಾಲು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ದೇಹದಲ್ಲಿ ಏನೂ ಸಿಗದಿದ್ದರೆ ಖಿನ್ನತೆಯ ಕಡೆ ಗಮನ ಕೊಡಿ. ಬೌದ್ಧಿಕ ಅಸಾಮರ್ಥ್ಯವಿರುವವರಲ್ಲಿ ಮಾನಸಿಕ ಕಾಯಿಲೆ ಇತರರಿಗಿಂತ ಹೆಚ್ಚು. ಇಷ್ಟದ ಹಾಡು, ಹಸುವಿಗೆ ಹುಲ್ಲು ಹಾಕುವ ಕೆಲಸ ಬಿಟ್ಟಿದ್ದಾನೆಯೇ? ಮನೆಯಲ್ಲಿ ಯಾರಾದರೂ ತೀರಿಕೊಂಡರೇ, ಮದುವೆಯಾಗಿ ಹೋದರೇ? ಅವನಿಗೆ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಫೋಟೊ ತೋರಿಸಿ, ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಿ. ತಜ್ಞರ ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ದಂತವೈದ್ಯರ ಬಳಿ ಹೋಗುವ ಮೊದಲು ಮನೆಯಲ್ಲೇ ಟಾರ್ಚ್ ಹಿಡಿದು 'ಆ' ಎನ್ನಿಸಿ ಅಭ್ಯಾಸ ಮಾಡಿಸಿ. ಮೊದಲು ನಿಮ್ಮ ಬಾಯಿಗೆ ಅವನೇ ಟಾರ್ಚ್ ಬಿಡಲಿ. ಜನಸಂದಣಿ ಇಲ್ಲದ ಹೊತ್ತು ಕೇಳಿ ಪಡೆಯಿರಿ, ನೋಟ್‌ಬುಕ್ಕನ್ನೂ ಒಯ್ಯಿರಿ.