ಧಾರವಾಡದಲ್ಲಿ ಪಿಯುಸಿ ಓದುತ್ತಿರುವ ಮಗಳಿಗೆ ಟೆಸ್ಟ್ ಬಂದಾಗಲೆಲ್ಲ ಹೊಟ್ಟೆನೋವು: ಇದು ನೆಪವೇ, ಒತ್ತಡವೇ?

ರಾಣೆಬೆನ್ನೂರು ಕಡೆಯ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಯಾವಾಗಲೂ ಮೊದಲಿಗಳಾಗಿದ್ದ ಮಗಳು ಧಾರವಾಡದಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ ಮೇಲೆ ವಾರದ ಟೆಸ್ಟ್ ಹತ್ತಿರ ಬಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ, ಫೋನ್ ಮಾಡಿದರೆ ಸಿಡುಕುತ್ತಾಳೆ, ಇದು ನೆಪವೋ ನಿಜವೋ ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿ ಪಿಯು ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸುವ ಉಪನ್ಯಾಸಕ, ವೈದ್ಯನಲ್ಲ. ಆದರೂ ಇಷ್ಟನ್ನು ಹೇಳಬಲ್ಲೆ: ಸ್ಕ್ಯಾನಿಂಗ್‌ನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಅಪಾಯ ಬಂತೆಂದು ಮಿದುಳು ಎಣಿಸಿದಾಗ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತ ಸ್ನಾಯುಗಳ ಕಡೆಗೆ ಹೆಚ್ಚು ಹರಿಯುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ಪರೀಕ್ಷೆ ಮುಗಿದೊಡನೆ ಇಳಿದುಹೋಗುವ ಒತ್ತಡ ಓದಿಗೆ ಚುರುಕನ್ನೂ ಕೊಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಒಂದು ಟೆಸ್ಟಿನ ಫಲಿತಾಂಶದ ಹಿಂದೆಯೇ ಇನ್ನೊಂದು ಟೆಸ್ಟ್ ಬಂದು ನಿಂತು, ದೇಹಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗದಿದ್ದರೆ ನಿದ್ದೆ, ಹಸಿವು, ನೆನಪು, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಕ್ರಮ ಎಲ್ಲವೂ ಕೆಡತೊಡಗುತ್ತವೆ. ಭಾವನೆಗಳನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗ ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹೀಗಿರುವಾಗ 16 ವರ್ಷದ ಹುಡುಗಿ ಸಿಡುಕಿದಳೆಂದು ಅದನ್ನು ಸೊಕ್ಕೆಂದು ತಿಳಿಯಬೇಡಿ.

ಕಾರಣಗಳ ವಿಷಯಕ್ಕೆ ಬಂದರೆ, ಮೊದಲು ನೋಡಬೇಕಾದದ್ದು ಅವಳ ನೋಟ್‌ಬುಕ್. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಜೂನ್ ತಿಂಗಳಲ್ಲಿ ಪ್ರತಿ ಇಂಗ್ಲಿಷ್ ಪದದ ನೆತ್ತಿಯ ಮೇಲೆ ಪೆನ್ಸಿಲಿನಿಂದ ಸಣ್ಣಗೆ ಕನ್ನಡದ ಅರ್ಥ ಬರೆದುಕೊಳ್ಳುತ್ತಾರೆ. ಕಿಲುಬು, ಆವಿಯಾಗು, ದ್ರಾವಣ, ಹೀಗೆ ಪುಟ ತುಂಬ ಇರುತ್ತದೆ. ಆಗಸ್ಟ್ ಹೊತ್ತಿಗೆ ಕೆಲವರ ಪುಟದಲ್ಲಿ ಪೆನ್ಸಿಲ್ ಗುರುತು ನಿಂತುಹೋಗಿರುತ್ತದೆ. ಭಾಷೆ ಹಿಡಿತಕ್ಕೆ ಬಂದು ಬಿಟ್ಟವರು ಯಾರು, ಪಾಠದ ವೇಗಕ್ಕೆ ಸೋತು ಬಿಟ್ಟವರು ಯಾರು ಎಂಬುದು ಒಂದು ಪ್ರಶ್ನೆ ಕೇಳಿದರೆ ತಿಳಿಯುತ್ತದೆ, ಆದರೆ ದೊಡ್ಡ ತರಗತಿಯಲ್ಲಿ ಆ ಪ್ರಶ್ನೆ ಎಲ್ಲರಿಗೂ ತಲುಪುವುದಿಲ್ಲ. ತಾನು ಜಾಣೆ ಎಂದೇ ನಂಬಿ ಬೆಳೆದ ಹುಡುಗಿಗೆ ತರಗತಿಯಲ್ಲಿ ಕೈ ಎತ್ತಲು ನಾಚಿಕೆಯಾಗುತ್ತದೆ. ತಿಳಿಯದ್ದು ಗುಡ್ಡೆಯಾಗುತ್ತ ಹೋಗುತ್ತದೆ. ಇದರ ಮೇಲೆ ರ‍್ಯಾಂಕ್ ಪಟ್ಟಿಯನ್ನು ಗೋಡೆಗೆ ಅಂಟಿಸುವ ಪದ್ಧತಿಯಿದ್ದರೆ ಕೇಳುವುದೇ ಬೇಡ, ನನಗಂತೂ ಅದು ಒಪ್ಪಿಗೆಯಿಲ್ಲ.

ಎರಡನೆಯ ಕಾರಣವನ್ನು ಬೇಸರಪಟ್ಟುಕೊಳ್ಳದೆ ಓದಿ. ಭಾನುವಾರ ಹಾಸ್ಟೆಲುಗಳ ಮುಂದೆ ಹಾವೇರಿ, ಗದಗ ಕಡೆಯಿಂದ ಬಂದ ತಂದೆ–ತಾಯಿಗಳು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ನಿಂತಿರುತ್ತಾರೆ. ಗಂಟು ಕೈಗೆ ಕೊಡುವ ಮೊದಲೇ ಬರುವ ಮಾತು, ‘ಈ ವಾರ ಎಷ್ಟ್ ಬಂತವಾ?’ ಎಂಬುದು. ಅದರಲ್ಲಿ ಪ್ರೀತಿಯೇ ಇದೆ ಎಂದು ನನಗೆ ಗೊತ್ತು. ಆದರೆ ಫೀಸಿಗಾಗಿ ಮಾಡಿದ ಸಾಲವೂ ಕೈಕೊಟ್ಟ ಬೆಳೆಯೂ ತಿಳಿದಿರುವ ಮಗಳಿಗೆ ಮನೆಯ ಭಾರವೆಲ್ಲ ತನ್ನ ಅಂಕಗಳ ಮೇಲೆ ನಿಂತಿದೆ ಅನ್ನಿಸುತ್ತದೆ. ವರ್ಷಕ್ಕೊಮ್ಮೆ ನಡೆಯುವ ನೀಟ್ ಒಂದೇ ದಾರಿ ಎಂದು ನಂಬಿಸಿದ್ದರೆ ಆ ಭಾರ ಇನ್ನೂ ಹೆಚ್ಚು. ಆದರೆ ದ್ವಿತೀಯ ಪಿಯುಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಧಾರವಾಡದಲ್ಲಿಯೇ ಇರುವ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ ಪದವಿಗೆ ಸಿಇಟಿ ಮೂಲಕ ಪ್ರವೇಶವಿದೆ, ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳೂ ಇವೆ. ಇವನ್ನು ನೀವೇ ಬಾಯಿಬಿಟ್ಟು ಹೇಳಬೇಕು. ನೀವು ಹೇಳದಿದ್ದರೆ, ಬೇರೆ ದಾರಿ ಹಿಡಿದರೆ ಅಪ್ಪ ನೊಂದುಕೊಳ್ಳುತ್ತಾರೆಂದೇ ಅವಳು ತಿಳಿದಿರುತ್ತಾಳೆ.

ನಿದ್ದೆಯನ್ನೂ ವಿಚಾರಿಸಿ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ, ಬೇಕಾಗುವ ನಿದ್ದೆ ಮಾತ್ರ 8ರಿಂದ 10 ಗಂಟೆ. ಹನ್ನೊಂದರವರೆಗೆ ಓದಿಸಿ ಐದಕ್ಕೆ ಎಬ್ಬಿಸಿದರೆ ಓದಿದ್ದು ನೆನಪಿನಲ್ಲಿ ನೆಲೆಯೂರಲು ಬೇಕಾದ ಹೊತ್ತನ್ನೇ ಕಸಿದುಕೊಂಡಂತಾಗುತ್ತದೆ.

ಈಗ ಮಾಡಬೇಕಾದದ್ದು: ಮುಂದಿನ ಭಾನುವಾರ ಬಂದಾಗ ಅಂಕದ ಮಾತೆತ್ತದೆ ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ಯಾವ ವಿಷಯ ಅರ್ಥವಾಗುತ್ತಿಲ್ಲ ಎಂದು ಅವಳೇ ಹೇಳುವವರೆಗೆ ಕಾಯಿರಿ. ಆಮೇಲೆ ಆ ವಿಷಯದ ಉಪನ್ಯಾಸಕರನ್ನು ಕಂಡು, ಕನ್ನಡದಲ್ಲಿ ಬಿಡಿಸಿ ಹೇಳಲು ವಾರಕ್ಕೆ ಸ್ವಲ್ಪ ಹೊತ್ತು ಕೊಡಿರೆಂದು ಕೇಳಿ. ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಇಲ್ಲವೆನ್ನುವುದಿಲ್ಲ. ಎರಡು ಮೂರು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ತೋರಿಸಿ. ಅದು ಹುಚ್ಚರ ಆಸ್ಪತ್ರೆ ಎಂಬ ಹಳೆಯ ಮಾತಿಗೆ ಹಿಂಜರಿದು ಮಕ್ಕಳನ್ನು ತಡವಾಗಿ ಕರೆತರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಆ ನಂಬರನ್ನು ಅವಳಿಗೂ ಕೊಟ್ಟಿಡಿ. ಬದುಕುವುದೇ ಬೇಡ ಎಂಬರ್ಥದ ಮಾತು ಅವಳ ಬಾಯಿಂದ ಬಂದರೆ, ಅಥವಾ ಕೈಗೆ ಗಾಯ ಮಾಡಿಕೊಂಡ ಗುರುತು ಕಂಡರೆ, ಟೆಸ್ಟ್ ಮುಗಿಯಲೆಂದು ಕಾಯದೆ ವಾರ್ಡನ್‌ಗೆ ಫೋನ್ ಮಾಡಿ ಅವಳನ್ನು ಒಬ್ಬಳೇ ಬಿಡಬೇಡಿರೆಂದು ಹೇಳಿ, ಅಂದೇ ಬಂದು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.