ಸ್ಕ್ವಾಟ್‌ನಿಂದ ತೊಡೆಗಳಷ್ಟೇ ಬೆಳೆದು ಭುಜಗಳು ಕಿರಿದಾಗಿಯೇ ಉಳಿದಿದ್ದರೆ ಮಹಿಳೆಯರು ವ್ಯಾಯಾಮವನ್ನು ಹೇಗೆ ಬದಲಿಸಿಕೊಳ್ಳಬೇಕು?

ಸ್ಕ್ವಾಟ್ ಬಿಡುವ ಅಗತ್ಯವಿಲ್ಲ. ಮೂಳೆಗಳ ಬಲಕ್ಕೆ, ವಿಶೇಷವಾಗಿ ಮುಟ್ಟು ನಿಂತ ನಂತರದ ವರ್ಷಗಳ ದೃಷ್ಟಿಯಿಂದ, ಅದನ್ನು ಉಳಿಸಿಕೊಳ್ಳಲೇಬೇಕೆಂಬುದು ನನ್ನ ಅಭಿಪ್ರಾಯ. ಬೆಳೆದ ಸ್ನಾಯುವನ್ನು ಕಾಪಾಡಿಕೊಳ್ಳಲು ಅದನ್ನು ಬೆಳೆಸುವುದಕ್ಕಿಂತ ಬಹಳ ಕಡಿಮೆ ಶ್ರಮ ಸಾಕಾಗುವುದರಿಂದ, ಎತ್ತುವ ಭಾರವನ್ನು ಇಳಿಸದೆ ಕಾಲಿನ ಸೆಟ್‌ಗಳನ್ನು (ನಡುವೆ ನಿಲ್ಲಿಸದೆ ಒಂದು ಸುತ್ತಿನಲ್ಲಿ ಮಾಡುವ ಪುನರಾವರ್ತನೆಗಳ ಗುಂಪು) ಮಾತ್ರ ವಾರಕ್ಕೆ 4–6ಕ್ಕೆ ತಗ್ಗಿಸಿ, ಉಳಿದ ಶಕ್ತಿಯನ್ನು ಭುಜ ಹಾಗೂ ಬೆನ್ನಿಗೆ ಕೊಡಿ. ಇವಕ್ಕೆ ತಲಾ 10–15 ಸೆಟ್‌ಗಳನ್ನು ವಾರದ ಎರಡು ದಿನಗಳಿಗೆ ಹಂಚಿ, ಓವರ್‌ಹೆಡ್ ಪ್ರೆಸ್ (ಭಾರವನ್ನು ತಲೆಯ ಮೇಲಕ್ಕೆ ಎತ್ತುವುದು), ಲ್ಯಾಟ್ ಪುಲ್‌ಡೌನ್ (ಮೇಲಿನ ಸರಳನ್ನು ಎದೆಯತ್ತ ಎಳೆಯುವುದು), ಲ್ಯಾಟರಲ್ ರೈಸ್‌ಗಳನ್ನು (ಡಂಬೆಲ್‌ಗಳನ್ನು ಪಕ್ಕಕ್ಕೆ ಭುಜದೆತ್ತರಕ್ಕೆ ಎತ್ತುವುದು) ದಣಿವಾಗುವ ಮೊದಲೇ ಮಾಡಿ. ಲ್ಯಾಟರಲ್ ರೈಸ್‌ನಲ್ಲಿ 3 ಕೆಜಿಯಿಂದ 4 ಕೆಜಿಗೆ ಏರುವುದೆಂದರೆ ಭಾರವನ್ನು ಒಮ್ಮೆಲೇ ಮೂರನೇ ಒಂದರಷ್ಟು ಹೆಚ್ಚಿಸಿದಂತೆ. ಆದ್ದರಿಂದ ಮೊದಲು ಅದೇ ಡಂಬೆಲ್‌ನಲ್ಲಿ 12ರಿಂದ 20 ಬಾರಿಯವರೆಗೆ ತಲುಪಿ, ನಂತರ ಭಾರ ಬದಲಿಸಿ. ತೊಡೆಯಲ್ಲಿರುವುದು ಕೊಬ್ಬಾಗಿದ್ದರೆ, ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಪ್ರಭಾವದಿಂದ ಅದು ಅಲ್ಲಿ ಸೇರುವುದು ಸಹಜ, ಮತ್ತು ಯಾವ ವ್ಯಾಯಾಮವೂ ಅದನ್ನು ಆ ಒಂದೇ ಜಾಗದಿಂದ ಕರಗಿಸಲಾರದು.